ಹೌದು, ನಾನು ಹೇಳಿದಂತೆ ಮಾಡು!

2021ರ ನವೆಂಬರಿನಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಹೊರತಂದ ವಿಡಿಯೊ ಒಂದನ್ನು ಲಿನಕ್ಸ್ ಬಳಗ ಇನ್ನೂ ಮರೆತಿಲ್ಲ. ವಿಂಡೋಸ್ ಬಿಟ್ಟು ಲಿನಕ್ಸ್‌ನಲ್ಲೇ ದಿನನಿತ್ಯದ ಕೆಲಸ ಮಾಡಿ ತೋರಿಸುತ್ತೇನೆಂದು ಪಣತೊಟ್ಟಿದ್ದ ಅವರು ಪಾಪ್ ಓಎಸ್ ಎಂಬ ಲಿನಕ್ಸ್ ವಿತರಣೆ ಹಾಕಿಕೊಂಡು, ಆಟಗಳಿಗಾಗಿ ಸ್ಟೀಮ್ ಇನ್‌ಸ್ಟಾಲ್ ಮಾಡಲು ಹೊರಟರು. ಗುಂಡಿ ಒತ್ತಿದರೆ ಕೆಲಸ ಆಗಲಿಲ್ಲ. ಸರಿ, ಟರ್ಮಿನಲ್ ತೆರೆದು ತಂತ್ರಾಂಶ ಹಾಕುವ ಆಪ್ಟ್-ಗೆಟ್ ಕಮಾಂಡ್ ಕೊಟ್ಟರು. ಪರದೆಯ ತುಂಬ ಅಕ್ಷರಗಳು ಹರಿದವು. ಇಂತಿಂಥ ಪ್ಯಾಕೇಜುಗಳನ್ನು ತೆಗೆದುಹಾಕಲಾಗುವುದು, ಇವು ಅತ್ಯಗತ್ಯವಾದವು, ಏನು ಮಾಡುತ್ತಿದ್ದೀರೆಂದು ಚೆನ್ನಾಗಿ ತಿಳಿದಿರದಿದ್ದರೆ ಮುಂದುವರಿಯಬೇಡಿ ಎಂಬ ಎಚ್ಚರಿಕೆ ಕೆಳಗಡೆ ಇತ್ತು. ಮುಂದುವರಿಯಲು ‘ವೈ’ ಒತ್ತಿದರೆ ಸಾಲದು. ‘ಹೌದು, ನಾನು ಹೇಳಿದಂತೆ ಮಾಡು!’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಕೊನೆಯ ಉದ್ಗಾರ ಚಿಹ್ನೆಯ ಸಮೇತ ಟೈಪ್ ಮಾಡಬೇಕು. ಸೆಬಾಸ್ಟಿಯನ್ ಟೈಪ್ ಮಾಡಿದರು. ಕಂಪ್ಯೂಟರ್ ಹೇಳಿದಂತೆ ಮಾಡಿತು. ಡೆಸ್ಕ್‌ಟಾಪ್ ಪೂರ್ತಿ ಮಾಯವಾಗಿ ಕಪ್ಪು ಪರದೆ ಉಳಿಯಿತು.

ನಕ್ಕವರು ನಕ್ಕರು, ಬಯ್ದವರು ಬಯ್ದರು. ನಿಜಕ್ಕೂ ಆದದ್ದು ಇಷ್ಟೇ: ಆ ಹೊತ್ತಿನಲ್ಲಿ ಪಾಪ್ ಓಎಸ್‌ನ ಸರ್ವರಿನಲ್ಲಿದ್ದ ಪ್ಯಾಕೇಜುಗಳ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸ್ಟೀಮ್ ಬೇಕಿದ್ದರೆ ಡೆಸ್ಕ್‌ಟಾಪ್ ಬಿಡಬೇಕು ಎಂಬ ವಿಚಿತ್ರ ಲೆಕ್ಕಕ್ಕೆ ಆ ಕಮಾಂಡಿನ ಹಿಂದಿರುವ ಆಪ್ಟ್ ಬಂದಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಉತ್ತರ ಮಾತ್ರ ಯಾರಿಗೂ ಬೇಡವಾದದ್ದು. ಅದೇ ತಿಂಗಳು ಬಂದ ಆಪ್ಟ್‌ನ ಹೊಸ ಆವೃತ್ತಿ, ಅತ್ಯಗತ್ಯ ಪ್ಯಾಕೇಜುಗಳನ್ನು ಕಿತ್ತು ದಾರಿ ಮಾಡಿಕೊಳ್ಳುವ ಪರಿಹಾರವನ್ನು ಹುಡುಕುವುದನ್ನೇ ನಿಲ್ಲಿಸಿತು.

ಕಮಾಂಡ್ ಲೈನಿನಲ್ಲಿ ತಂತ್ರಾಂಶ ಹಾಕುವ, ಕೀಳುವ, ಕೆಟ್ಟದ್ದನ್ನು ಸರಿಪಡಿಸುವ ಪರಿಕರಗಳೆಲ್ಲ ಬೆಳೆದುಬಂದ ಬಗೆ ಬಹುಮಟ್ಟಿಗೆ ಹೀಗೆಯೇ. ಎಲ್ಲೋ ಏನೋ ಮುರಿಯುತ್ತದೆ, ಯಾರೋ ಒಬ್ಬರು ಅದಕ್ಕೊಂದು ಹೊಸ ಆಯ್ಕೆಯನ್ನೋ ಎಚ್ಚರಿಕೆಯನ್ನೋ ಸೇರಿಸುತ್ತಾರೆ, ಮುರಿದದ್ದು ಮರೆತುಹೋದ ಮೇಲೂ ಆ ಆಯ್ಕೆ ಹಾಗೇ ಉಳಿಯುತ್ತದೆ. ಇಂದು ಸಿಸ್ಟಂ ಅಡ್ಮಿನ್‌ಗಳು ಬಾಯಿಪಾಠದಂತೆ ಹೊಡೆಯುವ ದುರಸ್ತಿ ಕಮಾಂಡುಗಳನ್ನು ಒಂದೊಂದಾಗಿ ಬಿಡಿಸಿದರೆ ದಶಕಗಳ ಎಡವಟ್ಟುಗಳ ದಾಖಲೆ ಸಿಗುತ್ತದೆ.

ಪ್ಯಾಕೇಜು ಎಂಬುದೇ ಇಲ್ಲದ ಕಾಲವೊಂದಿತ್ತು. ಯೂನಿಕ್ಸ್ ಜಗತ್ತಿನಲ್ಲಿ ತಂತ್ರಾಂಶವೆಂದರೆ ಟೇಪಿನಲ್ಲಿ ಬರುತ್ತಿದ್ದ ಸೋರ್ಸ್ ಕೋಡ್. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ‘ಮೇಕ್’, ಯಾವ ಫೈಲು ಬದಲಾದರೆ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕೆಂಬ ಲೆಕ್ಕವನ್ನು ತಾನೇ ಹೊತ್ತುಕೊಂಡಿತು. 1991ರಲ್ಲಿ ಡೇವಿಡ್ ಮೆಕೆಂಜಿಯವರ ಆಟೋಕಾನ್ಫ್ ಬಂತು. ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಹೆಜ್ಜೆಗಳು ರೂಢಿಯಾದವು. ಹಾಕುವುದಕ್ಕೆ ಇದು ಸಾಕಾಗಿತ್ತು. ತೆಗೆಯುವುದು ಹೇಗೆ? ಮೇಕ್ ಇನ್‌ಸ್ಟಾಲ್ ಯಾವ ಫೈಲನ್ನು ಯಾವ ಡೈರೆಕ್ಟರಿಯಲ್ಲಿ ಇಟ್ಟುಹೋಯಿತೆಂದು ಯಂತ್ರದಲ್ಲಿ ಎಲ್ಲೂ ಬರೆದಿರುತ್ತಿರಲಿಲ್ಲ. ಹಳೆಯ ಆವೃತ್ತಿಯ ತುಣುಕು ಹೊಸದರ ಜತೆ ಸೇರಿ ಕಾಟ ಕೊಟ್ಟರೆ, ಅದನ್ನು ಹಾಕಿದ ಮನುಷ್ಯನ ನೆನಪೇ ಗತಿ.

1992ರಲ್ಲಿ ಪೀಟರ್ ಮೆಕ್‌ಡೊನಾಲ್ಡ್ ಲಿನಕ್ಸ್ ಕರ್ನಲ್‌ಗೆ ಬೇಕಾದ ಉಳಿದೆಲ್ಲ ತಂತ್ರಾಂಶ ಸೇರಿಸಿ ಎಸ್‌ಎಲ್‌ಎಸ್ ಎಂಬ ಫ್ಲಾಪಿಗಳ ಕಟ್ಟು ಹೊರತಂದರು. ಜನಪ್ರಿಯವಾಯಿತು, ಅಷ್ಟೇ ಬೈಗುಳವನ್ನೂ ತಿಂದಿತು. ಅದರ ದೋಷಗಳನ್ನು ತಿದ್ದುತ್ತ ತಿದ್ದುತ್ತ ಪ್ಯಾಟ್ರಿಕ್ ವೋಲ್ಕರ್ಡಿಂಗ್ 1993ರ ಜುಲೈನಲ್ಲಿ ಸ್ಲ್ಯಾಕ್‌ವೇರ್ ಬಿಡುಗಡೆ ಮಾಡಿದರು. ಮೊದಲ ಆವೃತ್ತಿ 24 ಫ್ಲಾಪಿಗಳಷ್ಟಿತ್ತು. ‘ಎ’ ಸಾಲಿನಲ್ಲಿ ಮೂಲ ವ್ಯವಸ್ಥೆ, ‘ಎಕ್ಸ್’ ಸಾಲಿನಲ್ಲಿ ಚಿತ್ರಾತ್ಮಕ ಪರದೆ. ಕೊನೆಯ ಫ್ಲಾಪಿ ಕೈಕೊಟ್ಟರೆ ಅಲ್ಲಿಯತನಕದ ಶ್ರಮ ನೀರಿನಲ್ಲಿ ಹೋಮ. ಸ್ಲ್ಯಾಕ್‌ವೇರ್‌ನ ಪ್ಯಾಕೇಜ್‌ಟೂಲ್ ಒಂದು ಮುಖ್ಯ ಕೆಲಸ ಮಾಡಿತು: ಪ್ರತಿ ಪ್ಯಾಕೇಜಿನ ಫೈಲುಗಳ ಪಟ್ಟಿ ಬರೆದಿಟ್ಟುಕೊಂಡಿತು. ತೆಗೆಯಬೇಕಾದಾಗ ಪಟ್ಟಿ ನೋಡಿ ಅಳಿಸಿದರಾಯಿತು. ಒಂದು ಪ್ಯಾಕೇಜಿಗೆ ಇನ್ನೊಂದು ಬೇಕೇ ಎಂದು ಮಾತ್ರ ಅದು ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಅದೇ ಅದರ ಸೊಗಸು ಎನ್ನುವ ಹಠವಾದಿಗಳು ಈಗಲೂ ಇದ್ದಾರೆ.

ಅದೇ ಎಸ್‌ಎಲ್‌ಎಸ್‌ನಿಂದ ರೋಸಿಹೋದ ಇನ್ನೊಬ್ಬ ಯುವಕ ಇಯಾನ್ ಮರ್ಡಾಕ್. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, 1993ರ ಆಗಸ್ಟ್ 16ರಂದು, ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. ವಿತರಣೆಯನ್ನು ಒಬ್ಬನೇ ಕುಳಿತು ಕಟ್ಟುವ ಬದಲು, ಒಂದೊಂದು ಪ್ಯಾಕೇಜಿನ ಹೊಣೆಯನ್ನು ಒಬ್ಬೊಬ್ಬ ಸ್ವಯಂಸೇವಕನಿಗೆ ಹಂಚುವುದು ಅವರ ಯೋಚನೆ. ಆದರೆ ಒಬ್ಬರಿಗೊಬ್ಬರು ಮುಖ ನೋಡಿರದ ನೂರು ಜನ ಮಾಡಿದ ತುಂಡುಗಳು ಒಂದೇ ಯಂತ್ರದಲ್ಲಿ ಕೂಡಿಬರಬೇಕಲ್ಲ? ಅದಕ್ಕಾಗಿ ಪ್ರತಿ ಪ್ಯಾಕೇಜೂ ತನಗೆ ಏನು ಬೇಕು, ಯಾವುದರ ಜತೆ ತನಗೆ ಹೊಂದುವುದಿಲ್ಲ, ತಾನು ಯಾವುದರ ಬದಲಿಗೆ ನಿಲ್ಲಬಲ್ಲೆ ಎಂಬುದನ್ನು ಒಂದು ಸಣ್ಣ ಕಂಟ್ರೋಲ್ ಫೈಲಿನಲ್ಲಿ ಬರೆದುಕೊಂಡು ಬರಬೇಕೆಂಬ ಕಟ್ಟಳೆಯಾಯಿತು. ಇದನ್ನು ಓದಿ ನಡೆಸುವ ಡಿಪಿಕೆಜಿ ಮೊದಲು ಮರ್ಡಾಕ್ ಬರೆದ ಶೆಲ್ ಸ್ಕ್ರಿಪ್ಟ್ ಆಗಿತ್ತು, ಆಮೇಲೆ ಪರ್ಲ್‌ಗೆ ಹೋಯಿತು, ಅದರ ಮುಖ್ಯ ಭಾಗವನ್ನು ಇಯಾನ್ ಜಾಕ್ಸನ್ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1996ರಲ್ಲಿ ಬಂದ ಡೆಬಿಯನ್ 1.1ರಲ್ಲಿ 474 ಪ್ಯಾಕೇಜುಗಳಿದ್ದವು. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು.

ಡಿಪಿಕೆಜಿಯ ಒಂದು ನಿರ್ಧಾರ ಇಲ್ಲಿ ಸ್ವಲ್ಪ ನಿಂತು ನೋಡುವಂಥದು. ಅದು ಇನ್‌ಸ್ಟಾಲ್ ಎಂಬುದನ್ನು ಎರಡು ಹಂತವಾಗಿ ಒಡೆಯಿತು. ಮೊದಲು ಫೈಲುಗಳನ್ನು ಬಿಚ್ಚಿ ಅವುಗಳ ಜಾಗದಲ್ಲಿ ಇಡುವುದು. ಬೇಕಾದ ಉಳಿದ ಪ್ಯಾಕೇಜುಗಳು ಬಂದು ಕೂತ ಮೇಲೆ, ಪ್ಯಾಕೇಜಿನ ಜತೆಗೇ ಬಂದ ಸಣ್ಣ ಸ್ಕ್ರಿಪ್ಟ್ ಓಡಿಸಿ ಅದನ್ನು ಬಳಕೆಗೆ ಸಿದ್ಧಪಡಿಸುವುದು. ಯಾವ ಪ್ಯಾಕೇಜು ಯಾವ ಹಂತದಲ್ಲಿದೆ ಎಂಬುದನ್ನು ‘ಸ್ಟೇಟಸ್’ ಎಂಬ ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡಲಾಗುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಬಿಚ್ಚಿದ ಪ್ಯಾಕೇಜು ಅರ್ಧದಲ್ಲೇ ನಿಲ್ಲುತ್ತದೆ. ಆದರೆ ಎಲ್ಲಿ ನಿಂತಿತೆಂಬ ದಾಖಲೆ ಉಳಿದಿರುತ್ತದೆ. ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂದು ಹೊಡೆದರೆ ಬಾಕಿ ಉಳಿದದ್ದನ್ನು ಅಲ್ಲಿಂದಲೇ ಮುಂದುವರಿಸುತ್ತದೆ. ಬೆಸ್ಕಾಂ, ಹೆಸ್ಕಾಂಗಳ ಕೃಪೆಯಲ್ಲಿ ಬದುಕುವ ಯುಪಿಎಸ್ ಇಲ್ಲದ ಮನೆ, ಕಾಲೇಜುಗಳ ಲಿನಕ್ಸ್ ಬಳಕೆದಾರರಿಗೆ ಇದಕ್ಕಿಂತ ಪರಿಚಿತವಾದ ಕಮಾಂಡ್ ಇನ್ನೊಂದಿರಲಾರದು.

ಆಚೆ ರೆಡ್ ಹ್ಯಾಟ್ ಕಂಪನಿಯಲ್ಲಿ ಮಾರ್ಕ್ ಯೂಯಿಂಗ್ ಮತ್ತು ಎರಿಕ್ ಟ್ರೋನ್ 1995ರಲ್ಲಿ ಆರ್‌ಪಿಎಂ ಕಟ್ಟಿದರು. ಡಿಪಿಕೆಜಿಗೆ ಸಾಟಿ ಎನ್ನಬಹುದಾದ ಗಟ್ಟಿ ಪರಿಕರ. ಒಂದು ಪ್ಯಾಕೇಜಿನ ಫೈಲುಗಳು ಹಾಕಿದ ಮೇಲೆ ಬದಲಾಗಿವೆಯೇ ಎಂದು ಒಂದೇ ಕಮಾಂಡಿನಿಂದ ಪರೀಕ್ಷಿಸುವ ಅನುಕೂಲವೂ ಇತ್ತು. ಎರಡರ ಮಿತಿಯೂ ಒಂದೇ. ಏನು ಬೇಕೆಂದು ಹೇಳುತ್ತಿದ್ದವು, ತಂದುಕೊಡುತ್ತಿರಲಿಲ್ಲ. ‘ಇಂಥ ಲೈಬ್ರರಿಯ ಇಂಥ ಆವೃತ್ತಿ ಬೇಕು’ ಎಂದು ಆರ್‌ಪಿಎಂ ಮೊಂಡು ಹಿಡಿದರೆ ಬಳಕೆದಾರ ಆರ್‌ಪಿಎಂಫೈಂಡ್ ತಾಣದಲ್ಲಿ ಹುಡುಕಿ ತರಬೇಕು. ತಂದದ್ದಕ್ಕೆ ಇನ್ನೆರಡು ಬೇಕು, ಅವುಗಳಲ್ಲೊಂದು ಈಗಾಗಲೇ ಇರುವುದರ ಜತೆ ಜಗಳಕ್ಕೆ ನಿಲ್ಲುತ್ತದೆ. ಹನುಮಂತನ ಬಾಲದಂತೆ ಬೆಳೆಯುವ ಈ ಪಟ್ಟಿಗೆ ‘ಡಿಪೆಂಡೆನ್ಸಿ ನರಕ’ ಎಂದೇ ಹೆಸರು ಬಿತ್ತು. ತಾಳ್ಮೆಗೆಟ್ಟವರು ‘ನೋಡೆಪ್ಸ್’, ‘ಫೋರ್ಸ್’ ಎಂಬ ಎರಡು ಆಯ್ಕೆಗಳನ್ನು ಜತೆಗೆ ಸೇರಿಸಿ ಬಲವಂತವಾಗಿ ತುರುಕುತ್ತಿದ್ದರು. ಅಂದು ರಾತ್ರಿ ಕೆಲಸ ಆಗುತ್ತಿತ್ತು. ಮುಂದಿನ ಅಪ್‌ಗ್ರೇಡಿನ ದಿನ ಬಡ್ಡಿ ಸಮೇತ ವಸೂಲಾಗುತ್ತಿತ್ತು.

ಆರ್‌ಪಿಎಂ ತನ್ನ ದಾಖಲೆಯನ್ನು ಬರ್ಕ್ಲಿ ಡಿಬಿ ಎಂಬ ಡೇಟಾಬೇಸಿನಲ್ಲಿ ಇಡುತ್ತಿತ್ತು. ಕೆಲಸದ ನಡುವೆ ಅದನ್ನು ಕೊಂದರೆ ಡೇಟಾಬೇಸ್ ಹದಗೆಡುತ್ತಿತ್ತು, ಮುಂದಿನ ಕಮಾಂಡ್ ಉಸಿರಾಡದೆ ನಿಂತುಬಿಡುತ್ತಿತ್ತು. ‘ಆರ್‌ಪಿಎಂ --ರೀಬಿಲ್ಡ್‌ಡಿಬಿ’ ಆ ಸಂಕಟದ ಕೂಸು. 2020ರಲ್ಲಿ, ಆರ್‌ಪಿಎಂ ಬಳಸುವ ಫೆಡೋರಾ ವಿತರಣೆಯ 33ನೇ ಆವೃತ್ತಿ ಬರ್ಕ್ಲಿ ಡಿಬಿಯನ್ನು ಕೈಬಿಟ್ಟು ಎಸ್‌ಕ್ಯೂಲೈಟ್‌ಗೆ ಹೋಯಿತು. ಕಮಾಂಡ್ ಮಾತ್ರ ಹಾಗೇ ಇದೆ.

ಡಿಪೆಂಡೆನ್ಸಿಯ ಬಿಸಿ ಎಲ್ಲರಿಗೂ ಒಟ್ಟಿಗೆ ತಟ್ಟಿದ್ದು 1997-98ರ ಸುಮಾರಿಗೆ. ಲಿನಕ್ಸ್‌ನ ಪ್ರತಿಯೊಂದು ತಂತ್ರಾಂಶವೂ ಆತುಕೊಂಡಿರುವ ಮೂಲ ಸಿ ಲೈಬ್ರರಿ ಐದನೆಯ ಪೀಳಿಗೆಯಿಂದ ಆರಕ್ಕೆ ಹೊರಳಿತು. ಎಲ್ಲ ಪ್ಯಾಕೇಜುಗಳನ್ನೂ ಮತ್ತೆ ಕಟ್ಟಬೇಕಾಯಿತು. ಅಪ್‌ಗ್ರೇಡ್ ಮಾಡುವಾಗ ಕ್ರಮ ತಪ್ಪಿದರೆ ಅಪ್‌ಗ್ರೇಡ್ ಮಾಡುತ್ತಿರುವ ಶೆಲ್ಲೇ ಕೆಲಸ ನಿಲ್ಲಿಸುವ ಅಪಾಯ. 1998ರ ಜುಲೈನಲ್ಲಿ ಬಂದ ಡೆಬಿಯನ್ 2.0ಕ್ಕೆ ಏರುವವರಿಗಾಗಿ, ಪ್ಯಾಕೇಜುಗಳನ್ನು ಸರಿಯಾದ ಅನುಕ್ರಮದಲ್ಲಿ ಹಾಕುವ ಪ್ರತ್ಯೇಕ ಸ್ಕ್ರಿಪ್ಟನ್ನೇ ಬರೆಯಬೇಕಾಗಿ ಬಂತು. ಕ್ರಮ ಯಾವುದೆಂದು ಮನುಷ್ಯ ನೆನಪಿಟ್ಟುಕೊಳ್ಳುವ ಕಾಲ ಮುಗಿದಿತ್ತು.

ಆ ಕೆಲಸ ಹೊತ್ತುಕೊಂಡದ್ದು ಆಪ್ಟ್. ಡೆಬಿಯನ್‌ನಲ್ಲಿ ಅದುವರೆಗೆ ಇದ್ದ ಡಿಸೆಲೆಕ್ಟ್ ಎಂಬ ಪಟ್ಟಿಯ ಪರದೆ ಹೊಸಬರನ್ನು ಹೆದರಿಸಿ ಓಡಿಸುವುದಕ್ಕೆ ಹೆಸರುವಾಸಿ. ಅದಕ್ಕೆ ಬದಲಿ ಕಟ್ಟಲು ಹೊರಟ ತಂಡದಲ್ಲಿ ಜೇಸನ್ ಗುಂಥೋರ್ಪ್ ಪ್ರಮುಖರು. ಚಂದದ ಪರದೆ ಸಿದ್ಧವಾಗುವ ಮೊದಲೇ ಆಪ್ಟ್-ಗೆಟ್ ಎಂಬ ಸಾದಾ ಕಮಾಂಡ್ ಜನರ ಕೈಸೇರಿತು, 1999ರ ಮಾರ್ಚಿನ ಡೆಬಿಯನ್ 2.1ರೊಂದಿಗೆ. ಸರ್ವರಿನಲ್ಲಿ ಏನೇನಿದೆ ಎಂಬ ಪಟ್ಟಿ ತರುವುದು, ಕೇಳಿದ ಪ್ಯಾಕೇಜಿಗೆ ಬೇಕಾದುದನ್ನೆಲ್ಲ ಲೆಕ್ಕಹಾಕುವುದು, ಇಳಿಸಿಕೊಂಡು ಸರಿಯಾದ ಕ್ರಮದಲ್ಲಿ ಡಿಪಿಕೆಜಿಯ ಕೈಗೆ ಕೊಡುವುದು. ಎಲ್ಲ ಒಂದೇ ಸಾಲಿನಲ್ಲಿ. ಎಲ್ಲಿಂದಲೋ ತಂದ ಒಂಟಿ ಪ್ಯಾಕೇಜನ್ನು ನೇರವಾಗಿ ಡಿಪಿಕೆಜಿಗೆ ಕೊಟ್ಟು ಅದು ಅರ್ಧಕ್ಕೆ ನಿಂತರೆ ‘ಆಪ್ಟ್-ಗೆಟ್ -ಎಫ್ ಇನ್‌ಸ್ಟಾಲ್’. ಯಾವ ಪ್ಯಾಕೇಜೆಂದು ಹೆಸರಿಸುವ ಅಗತ್ಯವೂ ಇಲ್ಲ. ಮುರಿದಿರುವುದನ್ನು ಅದೇ ಹುಡುಕಿ, ಕೊರತೆಯಿದ್ದುದನ್ನು ತಂದು ಕೂಡಿಸುತ್ತದೆ. ಕೂಡಿಸಲಾಗದಿದ್ದರೆ ತಕರಾರಿನ ಪ್ಯಾಕೇಜನ್ನೇ ಹೊರಗಟ್ಟುತ್ತದೆ.

ಆರ್‌ಪಿಎಂ ಬಳಗ ಇದನ್ನು ನೋಡುತ್ತ ಕೂರಲಿಲ್ಲ. ಬ್ರೆಜಿಲ್‌ನ ಕೊನೆಕ್ಟಿವಾ ಕಂಪನಿ 2000ದಲ್ಲಿ ಆಪ್ಟ್ ಅನ್ನೇ ಆರ್‌ಪಿಎಂಗೆ ಒಗ್ಗಿಸಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಸೇತ್ ವೈಡಲ್, ಮೈಕೆಲ್ ಸ್ಟೆನರ್ ಜತೆ ಸೇರಿ, ಯೆಲ್ಲೋ ಡಾಗ್ ಲಿನಕ್ಸ್‌ನ ಅಪ್‌ಡೇಟರನ್ನು ತಿದ್ದಿ ಯಮ್ ಬರೆದರು. ವಿಭಾಗದ ನಿತ್ಯದ ತಲೆನೋವಿಗೆ ಮಾಡಿಕೊಂಡ ಮದ್ದು ಮುಂದೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಸರ್ವರುಗಳ ಬೆನ್ನೆಲುಬಾಯಿತು. ವೈಡಲ್ 2013ರ ಜುಲೈನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಕಾರು ಡಿಕ್ಕಿಯಾಗಿ ತೀರಿಕೊಂಡರು.

ಭಾರತದಲ್ಲಿ ಈ ಕಥೆಗೆ ಬೇರೆಯೇ ತಿರುವಿತ್ತು. ‘ಸರ್ವರಿನಿಂದ ತಾನೇ ತಂದುಕೊಳ್ಳುತ್ತದೆ’ ಎಂಬ ಮಾತಿಗೆ ಡಯಲ್-ಅಪ್ ಮೋಡೆಮ್ಮಿನ ಕಾಲದಲ್ಲಿ ಏನರ್ಥ? ಇಲ್ಲಿ ಲಿನಕ್ಸ್ ಹರಡಿದ್ದು ಪಿಸಿ ಕ್ವೆಸ್ಟ್ ಪತ್ರಿಕೆಯ ಜತೆ ಬರುತ್ತಿದ್ದ ಸೀಡಿಗಳಿಂದ. 1990ರ ದಶಕದ ನಡುವಿನಲ್ಲಿ ಶುರುವಾದ ಆ ಪ್ರಯತ್ನದ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರ ತನಕ ನಡೆದ ಸಮ್ಮೇಳನಗಳ ರೂವಾರಿಯೂ ಅವರೇ. 2004ರಲ್ಲಿ ಉಬುಂಟು ವಿತರಣೆ ಬಂದ ಮೇಲೆ, ಕೇಳಿದವರ ಮನೆ ಬಾಗಿಲಿಗೆ ಅಂಚೆಯಲ್ಲಿ ಬಿಟ್ಟಿ ಸೀಡಿ ಬರತೊಡಗಿತು. ನೆಟ್ ಇಲ್ಲದ ಯಂತ್ರಕ್ಕೆ ಏನೇನು ಬೇಕೆಂದು ಪಟ್ಟಿ ಮಾಡಿಕೊಂಡು, ನೆಟ್ ಇರುವ ಇನ್ನೊಂದು ಯಂತ್ರದಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು ಹಾಕುವ ‘ಆಪ್ಟ್-ಆಫ್‌ಲೈನ್’ ಎಂಬ ಪರಿಕರವನ್ನು ಬರೆದವರು ಭಾರತದವರೇ ಆದ ಡೆಬಿಯನ್ ಡೆವಲಪರ್. ಸೈಬರ್ ಕೆಫೆ ಮತ್ತು ಮನೆಯ ನಡುವೆ ಓಡಾಡಿದವರಿಗೆ ಮಾತ್ರ ಹೊಳೆಯಬಹುದಾದ ಉಪಾಯ.

ಕನ್ನಡಕ್ಕೂ ಈ ಉಗ್ರಾಣದಲ್ಲಿ ಒಂದು ಮೂಲೆಯಿದೆ. ಡೆಬಿಯನ್, ಉಬುಂಟುಗಳಲ್ಲಿರುವ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜಿನೊಳಗೆ ಒಂದೇ ಒಂದು ಅಕ್ಷರದ ವಿನ್ಯಾಸವೂ ಇಲ್ಲ. ಅದು ಖಾಲಿ ಡಬ್ಬಿ. ಅದರ ಮೇಲಿರುವ ಬೇಡಿಕೆಗಳ ಚೀಟಿಯೇ ಅದರ ಸರ್ವಸ್ವ. ಅದನ್ನು ಹಾಕಿದರೆ ಗುಬ್ಬಿ, ನವಿಲು ಮೊದಲಾದ ಕನ್ನಡ ಫಾಂಟುಗಳು ತಾವಾಗಿ ಬರುತ್ತವೆ. ಇಂಥವಕ್ಕೆ ಮೆಟಾಪ್ಯಾಕೇಜ್ ಎನ್ನುತ್ತಾರೆ. ಸೆಬಾಸ್ಟಿಯನ್ ಕಂಪ್ಯೂಟರಿನಿಂದ ಹೊರಬಿದ್ದ ‘ಪಾಪ್-ಡೆಸ್ಕ್‌ಟಾಪ್’ ಕೂಡ ಇದೇ ಜಾತಿಯದು.

ಇಷ್ಟೆಲ್ಲ ಲೆಕ್ಕ ಹಾಕುವ ಯಂತ್ರಕ್ಕೆ ಆಗೀಗ ತಲೆ ಕೆಡುವುದಕ್ಕೂ ಗಣಿತದ ಕಾರಣವಿದೆ. ಯುರೋಪಿನ ಇಡಾಸ್ ಯೋಜನೆಯ ಸಂಶೋಧಕರು, ರೊಬೆರ್ತೊ ದಿ ಕೊಸ್ಮೊ ಮತ್ತು ಸಂಗಡಿಗರು, ಒಂದು ಪ್ಯಾಕೇಜನ್ನು ಅದರ ಎಲ್ಲ ಬೇಕು-ಬೇಡಗಳನ್ನು ಪೂರೈಸಿ ಹಾಕಲು ಸಾಧ್ಯವೇ ಎಂಬ ಪ್ರಶ್ನೆ ‘ಎನ್‌ಪಿ-ಕಂಪ್ಲೀಟ್’ ವರ್ಗಕ್ಕೆ ಸೇರಿದ್ದೆಂದು 2000ದ ದಶಕದ ನಡುವಿನಲ್ಲಿ ಸಾಧಿಸಿ ತೋರಿಸಿದರು. ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ಸೂತ್ರ ಯಾರಿಗೂ ಗೊತ್ತಿಲ್ಲದ ಸಮಸ್ಯೆಗಳ ಗುಂಪು ಅದು. 2008ರಲ್ಲಿ ಓಪನ್‌ಸೂಸೆ ವಿತರಣೆಯ 11.0 ಆವೃತ್ತಿ, ತರ್ಕಶಾಸ್ತ್ರದ ‘ಸ್ಯಾಟ್’ ಸಮಸ್ಯೆ ಬಿಡಿಸುವ ತಂತ್ರವನ್ನು ಪ್ಯಾಕೇಜುಗಳಿಗೆ ಅಳವಡಿಸಿತು. ಅಲ್ಲಿ ಬೆಳೆದ ಲಿಬ್‌ಸಾಲ್ವ್ ಲೈಬ್ರರಿಯನ್ನೇ ನೆಚ್ಚಿಕೊಂಡ ಡಿಎನ್‌ಎಫ್ 2015ರಲ್ಲಿ, ಫೆಡೋರಾ 22ರಲ್ಲಿ, ಯಮ್‌ನ ಜಾಗಕ್ಕೆ ಬಂತು.

ಗೊಂದಲಗಳಲ್ಲಿ ಇನ್ನೊಂದು ಬಗೆಯೂ ಇದೆ: ಒಂದೇ ಯಂತ್ರಕ್ಕೆ ಇಬ್ಬರು ಯಜಮಾನರು. ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟ್ ತಾನಾಗಿ ನಡೆಯುತ್ತಿರುವಾಗ ಬಳಕೆದಾರ ಇನ್ನೊಂದು ಕಮಾಂಡ್ ಕೊಟ್ಟರೆ ‘ಲಾಕ್ ಸಿಗುತ್ತಿಲ್ಲ’ ಎಂಬ ದೂರು. ಲಾಕ್ ಫೈಲನ್ನೇ ಅಳಿಸಿಬಿಡಿ ಎಂಬ ಸಲಹೆ ಊರೆಲ್ಲ ಓಡಾಡುತ್ತದೆ. ಸ್ಟೇಟಸ್ ಫೈಲಿಗೆ ಇಬ್ಬರೂ ಒಟ್ಟಿಗೆ ಕೈಹಾಕದಂತೆ ಕಾಯುತ್ತಿರುವ ಬಾಗಿಲನ್ನೇ ಕಿತ್ತೊಗೆಯಿರಿ ಎಂದಂತಾಯಿತು. ಹತ್ತು ನಿಮಿಷ ಸುಮ್ಮನಿದ್ದರೆ ಸಾಕು ಎನ್ನುವ ಸಲಹೆಗೆ ಅಷ್ಟು ಜನಪ್ರಿಯತೆ ಇಲ್ಲ. ಪೈಥಾನ್ ಭಾಷೆಯ ಪ್ಯಾಕೇಜುಗಳನ್ನು ಹಾಕುವ ಪಿಪ್ ಹಾಗೂ ಆಪ್ಟ್ ನಡುವಿನ ಜಟಾಪಟಿ ಇದಕ್ಕಿಂತ ಹಳೆಯದು, ಹೆಚ್ಚು ಹಾನಿಕರ. ಆಪ್ಟ್ ಇಟ್ಟ ಲೈಬ್ರರಿಗಳನ್ನು ಪಿಪ್ ತುಳಿದುಹಾಕಿ, ಸಿಸ್ಟಂ ಪರಿಕರಗಳೇ ಮುರಿದುಬಿದ್ದ ಪ್ರಸಂಗಗಳು ವರ್ಷಗಟ್ಟಲೆ ನಡೆದವು. ಕೊನೆಗೆ ಡೆಬಿಯನ್ 12ರಿಂದ ಪಿಪ್ ಅಲ್ಲಿ ಸಿಸ್ಟಮ್ಮಿನ ಪೈಥಾನನ್ನು ಮುಟ್ಟಲು ಒಪ್ಪುವುದಿಲ್ಲ. ಮುಟ್ಟಲೇಬೇಕೆಂದರೆ ‘--ಬ್ರೇಕ್-ಸಿಸ್ಟಂ-ಪ್ಯಾಕೇಜಸ್’ ಎಂಬ ಆಯ್ಕೆಯನ್ನು ಬಳಕೆದಾರ ಪೂರ್ತಿ ಟೈಪ್ ಮಾಡಬೇಕು. ಮುಚ್ಚುಮರೆಯಿಲ್ಲದ ಹೆಸರು.

ಹುಡುಕುವ ಕೆಲಸ ಯಂತ್ರದ ಪಾಲಾದಂತೆ ನಂಬುವ ಕೆಲಸ ಮನುಷ್ಯನ ಪಾಲಿಗೆ ಉಳಿಯಿತು. 2003ರ ನವೆಂಬರಿನಲ್ಲಿ ಡೆಬಿಯನ್‌ನ ಕೆಲವು ಸರ್ವರುಗಳಿಗೇ ಯಾರೋ ನುಗ್ಗಿದರು. ಪ್ಯಾಕೇಜುಗಳಿಗೆ ಧಕ್ಕೆಯಾಗಿರಲಿಲ್ಲ. ಆಗಿದ್ದರೂ ಅಂದಿನ ಆಪ್ಟ್‌ಗೆ ತಿಳಿಯುತ್ತಿರಲಿಲ್ಲ. 2007ರ ಏಪ್ರಿಲ್‌ನಲ್ಲಿ ಬಂದ ಡೆಬಿಯನ್ 4.0ರಿಂದ, ಸರ್ವರಿನ ಪಟ್ಟಿಗೆ ಹಾಕಿದ ಡಿಜಿಟಲ್ ಸಹಿಯನ್ನು ಆಪ್ಟ್ ಪರೀಕ್ಷಿಸತೊಡಗಿತು. ಹೊರಗಿನ ರೆಪಾಸಿಟರಿ ಸೇರಿಸಿದಾಗ ‘ಪಬ್ಲಿಕ್ ಕೀ ಇಲ್ಲ’ ಎಂದು ಅದು ಗೊಣಗುವುದು ಅಂದಿನಿಂದ.

ಸಹಿ ಸರಿಯಿದ್ದೂ ಒಳಗಿನದೇ ವಿಷವಾದರೆ? 2024ರ ಮಾರ್ಚ್ 29ರಂದು, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅಂಥದ್ದೊಂದನ್ನು ಬಯಲಿಗೆಳೆದರು. ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದ ಅವರಿಗೆ ಸಿಕ್ಕಿದ್ದು ‘ಎಕ್ಸ್‌ಜ಼ಡ್’ ಎಂಬ ಕಂಪ್ರೆಷನ್ ಪರಿಕರದೊಳಗೆ ಹುದುಗಿಸಿಟ್ಟಿದ್ದ ಕಳ್ಳಬಾಗಿಲು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ಕೆಲಸ ಮಾಡಿಕೊಟ್ಟು, ಆ ಯೋಜನೆಯ ಒಡೆತನದಲ್ಲೇ ಪಾಲು ಗಿಟ್ಟಿಸಿದ್ದರು. ಎಸ್‌ಎಸ್‌ಎಚ್‌ಗೂ ಎಕ್ಸ್‌ಜ಼ಡ್‌ಗೂ ನೇರ ಸಂಬಂಧವಿಲ್ಲ. ಕೆಲವು ವಿತರಣೆಗಳು ಎಸ್‌ಎಸ್‌ಎಚ್‌ಗೆ, ಸಿಸ್ಟಮ್ಮಿನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲೈಬ್ರರಿಯನ್ನು ಜೋಡಿಸಿದ್ದವು, ಆ ಲೈಬ್ರರಿಗೆ ಎಕ್ಸ್‌ಜ಼ಡ್ ಬೇಕಿತ್ತು. ಕಳ್ಳಬಾಗಿಲು ಇಟ್ಟವರು ಆ ಸರಪಳಿಯ ಕೊನೆಯ ಕೊಂಡಿಯನ್ನು ಆರಿಸಿಕೊಂಡಿದ್ದರು. ಹೊಂಚು ಎಷ್ಟು ಸೂಕ್ಷ್ಮವೆಂದರೆ, ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಾಗಿ ಕಟ್ಟುವಾಗ ಮಾತ್ರ ವಿಷ ಒಳಸೇರುತ್ತಿತ್ತು. ಆ ಹೊತ್ತಿಗೆ ಅದು ತಲುಪಿದ್ದು ಡೆಬಿಯನ್‌ನ ಪ್ರಯೋಗದ ಶಾಖೆಗಳು, ಫೆಡೋರಾದ ಪ್ರಯೋಗದ ಆವೃತ್ತಿಗಳು, ಓಪನ್‌ಸೂಸೆ ಟಂಬಲ್‌ವೀಡ್ ಇಂಥ ಕೆಲವಕ್ಕೆ ಮಾತ್ರ.

ವಿಷವಿಲ್ಲದ ಹಿಂದಿನ ಆವೃತ್ತಿಗೆ ಮರಳುವುದಂತೂ ತುರ್ತು. ಆದರೆ ಹಿಂದಕ್ಕೆ ಹೋಗುವುದೇ ಈ ಪರಂಪರೆಗೆ ಒಗ್ಗದ ನಡಿಗೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಈಲ್ಕೊ ಡೋಲ್ಸ್ಟ್ರಾ 2003ರ ಸುಮಾರಿಗೆ ಆರಂಭಿಸಿದ ನಿಕ್ಸ್ ಪ್ರತಿ ಆವೃತ್ತಿಯನ್ನೂ ಬೇರೆ ಬೇರೆ ಡೈರೆಕ್ಟರಿಯಲ್ಲಿ ಇಡುತ್ತದೆ. ಅಲ್ಲಿ ನಿನ್ನೆಯ ಸ್ಥಿತಿಗೆ ಮರಳುವುದು ಒಂದು ಕಮಾಂಡಿನ ಮಾತು. ಆಪ್ಟ್‌ಗೆ ಹಾಗಲ್ಲ. ಸಂಖ್ಯೆ ಹೆಚ್ಚಿದ್ದರೆ ಹೊಸದು, ಕಡಿಮೆಯಿದ್ದರೆ ಹಳೆಯದು, ಅಪ್‌ಗ್ರೇಡ್ ಎಂದರೆ ಮೇಲಕ್ಕೆ ಮಾತ್ರ. ಎಕ್ಸ್‌ಜ಼ಡ್‌ನ ವಿಷ ಸೇರಿದ್ದ ಆವೃತ್ತಿಗಳು 5.6.0 ಮತ್ತು 5.6.1. ಅವುಗಳ ಜಾಗಕ್ಕೆ ಸಾವಿರಾರು ಯಂತ್ರಗಳಲ್ಲಿ 5.4.5 ಮರಳಬೇಕು, ಆದರೆ ಆಪ್ಟ್ ಅದನ್ನು ಹೊಸದೆಂದು ತಿಳಿಯಬೇಕು. ಡೆಬಿಯನ್ ಬಳಗ ತನ್ನ ಹಳೆಯ ರೂಢಿಯೊಂದನ್ನು ಬಳಸಿ ಹಳೆಯ ಕೋಡಿಗೆ ಹೊಸ ಸಂಖ್ಯೆ ಅಂಟಿಸಿ ಸರ್ವರಿಗೆ ಏರಿಸಿತು: ‘5.6.1+ರಿಯಲಿ5.4.5-1’. ಮರುದಿನ ಅಪ್‌ಗ್ರೇಡ್ ಕಮಾಂಡ್ ಕೊಟ್ಟ ಯಂತ್ರಗಳೆಲ್ಲ ಅದನ್ನು ಹೊಸ ಆವೃತ್ತಿಯೆಂದೇ ಓದಿ, ತಕರಾರಿಲ್ಲದೆ ಹಾಕಿಕೊಂಡವು.